ಪೂಜಾರಿಯ ಚೊಂಬು

ಮೊದಲು ಬೇಲಿಯ ಮಾತು ಹೇಳಿಬಿಡಬೇಕು.

ಕೊಂಡ್ಲಹಳ್ಳಿಯಿಂದ ಒಂದೂವರೆ ಮೈಲಿ ಒಳಕ್ಕಿರುವ ಆ ಹಟ್ಟಿಯ ಸುತ್ತ ಕಾರೆಮುಳ್ಳಿನ ಬೇಲಿ. ಒಳಗೆ ಮೂವತ್ತು ಮನೆ, ನಡುವೆ ದೇವರ ಗುಡಿ. ಬೇಲಿಯ ಹೊರಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ಗುಡ್ಲು. ಮುಟ್ಟಾದ ಹೆಣ್ಣುಮಕ್ಕಳು ಮೂರು ದಿನ, ಬಾಣಂತಿಯರು ಇನ್ನೂ ಹೆಚ್ಚು ದಿನ ಅಲ್ಲಿರಬೇಕು. ಅವರ ತಟ್ಟೆ ಬೇರೆ, ಚಾಪೆ ಬೇರೆ. ಊಟ ತಂದವರು ಗುಡ್ಲಿನ ಮುಂದಿನ ಚಪ್ಪಡಿ ಕಲ್ಲಿನ ಮೇಲಿಟ್ಟು ದೂರ ಸರಿದ ಮೇಲೆ ಒಳಗಿದ್ದವಳು ಬಂದು ಎತ್ತಿಕೊಳ್ಳಬೇಕು. ಬೇಲಿಯೊಳಗಿನ ಸ್ವಾಮಿ ಮಡಿ ಕೇಳುತ್ತಾನೆ, ಅದಕ್ಕೆ. ಸ್ವಾಮಿಯೇ ಕೇಳಿದನೋ, ಅವನ ಹೆಸರಿನಲ್ಲಿ ಹಿರಿಯರು ಕೇಳಿದರೋ, ಯಾರೂ ವಿಚಾರಿಸಲು ಹೋಗಿರಲಿಲ್ಲ.

ಆ ಸ್ವಾಮಿಯ ಪೂಜಾರಿ ಜುಂಜಪ್ಪ. ಎಪ್ಪತ್ತು ದಾಟಿದವನು. ನಲವತ್ತೆರಡು ವರ್ಷಗಳಿಂದ ಕಾಲಿಗೆ ಚಪ್ಪಲಿ ಮೆಟ್ಟಿರಲಿಲ್ಲ, ಹೊರಗೆ ಒಂದು ತುತ್ತು ಉಂಡಿರಲಿಲ್ಲ. ಅವನ ನೀರಿಗೆ ತಾಮ್ರದ ಬಿಂದಿಗೆ ಬೇರೆ, ಚೊಂಬು ಬೇರೆ. ಹೆಂಡತಿ ವೀರಮ್ಮ ಮಿಂದು ಒದ್ದೆ ಸೀರೆಯಲ್ಲಿ ತಂದ ನೀರಲ್ಲದೆ ಇನ್ನೊಬ್ಬರ ಕೈನೀರು ಅವನ ಗಂಟಲಿಗೆ ಇಳಿದಿರಲಿಲ್ಲ. ಬೇಲಿಯ ಬಾಗಿಲಿಗೆ ಮೊದಲ ಮನೆಯೇ ಅವನದು. ಹಿರಿಯ ಮಗ ಬಾಲರಾಜ್ ಕುರಿ ಮೇಯಿಸುತ್ತಿದ್ದ. ಬಾಲರಾಜನ ಹೆಂಡತಿ ರೂಪ. ಅವರಿಬ್ಬರ ಮಗಳು ಸ್ವಪ್ನ. ಕಿರಿಯ ಮಗ ಗೋವರ್ಧನ ಮದುವೆಯಿಲ್ಲದವನು, ಈರುಳ್ಳಿ ಲಾರಿಯ ಡ್ರೈವರು.

ಕೊರೊನಾದ ಎರಡನೇ ವರ್ಷ, ಮೇ ತಿಂಗಳ ಮೊದಲ ವಾರದಲ್ಲಿ ಗೋವರ್ಧನ ನಾಗಪುರದಿಂದ ಬಂದ. ಲಾರಿಯನ್ನು ಚಳ್ಳಕೆರೆಯಲ್ಲಿ ಮಾಲೀಕನ ಶೆಡ್ಡಿಗೆ ಬಿಟ್ಟು, ಹಾಲಿನ ಗಾಡಿ ಹತ್ತಿ ಬಂದಿದ್ದ. ಬೇಲಿ ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿದ. ಅಷ್ಟು ಹೊತ್ತಿಗೆ ಆಶಾ ಕಾರ್ಯಕರ್ತೆ ಸೌಂದರ್ಯ ಕೊಂಡ್ಲಹಳ್ಳಿಯಿಂದ ಸ್ಕೂಟಿಯಲ್ಲಿ ಬಂದು ಅಡ್ಡ ನಿಂತಳು. ಜೊತೆಗೆ ಕ್ಯಾತಣ್ಣ. ಅವನು ಹಟ್ಟಿಯ ಯಜಮಾನ. ಐದು ತಿಂಗಳ ಹಿಂದಿನ ಚುನಾವಣೆಯಲ್ಲಿ ಗೆದ್ದು ಪಂಚಾಯ್ತಿ ಮೆಂಬರೂ ಆಗಿದ್ದ.

"ಗೋವರ್ಧನಣ್ಣ, ಹದಿನಾಲ್ಕು ದಿನ ಬೇರೆ ಇರ್ಬೇಕು. ತಟ್ಟೆ ಬೇರೆ, ಹಾಸಿಗೆ ಬೇರೆ. ಊಟ ದೂರ ಇಟ್ಟು ಹೋಗ್ಬೇಕು. ಯಾರೂ ಮುಟ್ಟಂಗಿಲ್ಲ."

ರೂಪ ನಕ್ಕುಬಿಟ್ಟಳು. "ಇದೇನು ಹೊಸದೇನವ್ವ? ತಿಂಗ್ಳಿಗೆ ಮೂರು ದಿನ ನಾವು ಮಾಡೋದು ಇದನ್ನೇ."

"ಮತ್ತೆ ಒಳ್ಳೇದೇ ಆತಲ್ಲ," ಎಂದಳು ಸೌಂದರ್ಯ. "ಆ ಗುಡ್ಲು ಖಾಲಿ ಐತೆ. ಅಲ್ಲೇ ಇರ್ಲಿ."

ಮೊದಲು ಬಾಯಿ ಬಂದದ್ದು ವೀರಮ್ಮನಿಗೆ.

"ಏನಂದೆ? ಗಂಡುಮಗನ್ನ ಆ ಗುಡ್ಲಾಗೆ ಇಡ್ತೀಯಾ? ನಾಳೆ ಜಾತ್ರೆಯಾಗೆ ಇವನು ಅಪ್ಪನ ಹಿಂದೆ ಸ್ವಾಮಿ ಪೆಟ್ಟಿಗೆ ಹೊರಬೇಕಾದೋನು!"

"ನಾನು ಬೇಕಾದ್ರೆ ವಾಪಸ್ ಹೋಗಿ ಲಾರಿ ಅಡಿಯಾಗೆ ಮಲಗ್ತೀನಿ," ಎಂದ ಗೋವರ್ಧನ. "ಹೆಂಗಸ್ರ ಗುಡ್ಲಿಗೆ ಹೋದ್ರೆ ಯಾವನು ನನ್ನ ಪಕ್ಕ ಕೂತು ಬೀಡಿ ಹಚ್ತಾನೆ?"

"ಕುರಿ ರೊಪ್ಪ ಐತಲ್ಲ ಅತ್ತೆ," ರೂಪ ಮೆಲ್ಲಗೆ ಅಂದಳು. "ಒಂದು ಚಾಪೆ ಹಾಕಿದ್ರೆ ಆತು."

"ನಿನ್ನ ತಮ್ಮನ್ನ ಮಲಗಿಸು ಕುರಿ ಜೊತೆ. ನನ್ನ ಮಗ ರಸ್ತೆ ದೂಳಿಗೆ ಕೆಮ್ಮಿದ್ರೆ ಅದು ಕೊರೊನಾ ಅಲ್ಲ."

ಸೌಂದರ್ಯ ಪೂಜಾರಿಯ ಕಡೆ ತಿರುಗಿದಳು. "ಪೂಜಾರಪ್ಪ, ನೀವಾದ್ರೂ ಹೇಳ್ರಿ. ಹೆಣ್ಮಕ್ಳನ್ನ ದೂರ ಇಡೋಕೆ ಇಷ್ಟು ಚೆನ್ನಾಗಿ ಬರ್ತೈತಲ್ಲ ನಿಮಗೆ?"

ಜುಂಜಪ್ಪ ಗುಡಿಯ ಕಡೆ ಕೈ ಮುಗಿದ. "ನನ್ನ ಪಕ್ಕ ಪಡಸಾಲೆಯಾಗೆ ಮಲಗ್ಲಿ. ಸ್ವಾಮಿ ಗಾಳಿ ಬೀಳ್ತೈತೆ ಅಲ್ಲಿಗೆ. ಅವನಿಗಿಂತ ದೊಡ್ಡ ಡಾಕ್ಟ್ರು ಯಾರವ್ವ?"

ಕ್ಯಾತಣ್ಣ ಗಲ್ಲಕ್ಕಿಳಿದಿದ್ದ ಮಾಸ್ಕು ಸರಿಮಾಡಿಕೊಂಡು ಸೌಂದರ್ಯಳ ಕಾಗದಕ್ಕೆ ಸಹಿ ಹಾಕಿದ. "ಹಟ್ಟಿಯಾಗೆ ಪ್ರತ್ಯೇಕ ಕೊಠಡಿ ಒಂದೈತೆ ಅಂತ ಬರ್ಕೊ. ಸುಳ್ಳೇನಲ್ಲವಲ್ಲ, ಆ ಗುಡ್ಲು ಪ್ರತ್ಯೇಕನೇ." ಹದಿನೈದು ದಿನದ ಹಿಂದೆ ಅದೇ ಲೆಕ್ಕದಲ್ಲಿ ಪಂಚಾಯ್ತಿಯಿಂದ ನಾಲ್ಕು ತಗಡು ಬಂದು ಗುಡ್ಲಿನ ಮೇಲೆ ಕೂತಿದ್ದವು.

ಹಾಗೆ ಗೋವರ್ಧನ ಮನೆಯೊಳಗೆ ಬಂದ.

ಅವತ್ತು ರಾಗಿಮುದ್ದೆ, ಹುರುಳಿಕಾಳಿನ ಸಾರು. ಉಣ್ಣುತ್ತ ಗೋವರ್ಧನ ದಾರಿಯ ಕಥೆ ಹೇಳಿದ. "ಹೋದ ವರ್ಷ ರಸ್ತೆ ತುಂಬ ಜನ ನಡೀತಿದ್ರು. ಈ ವರ್ಷ ರಸ್ತೆ ಖಾಲಿ, ಆಂಬುಲೆನ್ಸ್ ಅಷ್ಟೇ. ಸೊಲ್ಲಾಪುರದಾಗೆ ಒಂದು ದಿನ ಇಡೀ ಒಂದು ಚಾ ಸಿಗಲಿಲ್ಲ. ನಾಗಪುರದಾಗೆ ಹೆಣ ಸುಡಾಕೆ ಕಟ್ಟಿಗೆಗೆ ಕಾಯ್ತಾವ್ರೆ. ರಾಯದುರ್ಗದ ಚೆಕ್‌ಪೋಸ್ಟ್‌ನಾಗೆ ಆಂಧ್ರದ ಪೋಲೀಸ್ನೋರು 'ಎಕ್ಕಡಿಕಿ' ಅಂತಾರೆ, ನಮ್ಮೋರು 'ಎಲ್ಲಿಗೆ' ಅಂತಾರೆ. ಇಬ್ರೂ ಕೈ ಚಾಚೋದು ಮಾತ್ರ ಒಂದೇ ತರ."

"ಹಾಸ್ಟೆಲ್ ಯಾವಾಗ ತೆಗೀತಾರೆ ಚಿಕ್ಕಪ್ಪ?" ಸ್ವಪ್ನ ಕೇಳಿದಳು. ಚಳ್ಳಕೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದ ಹುಡುಗಿ. ಹಾಸ್ಟೆಲಿನಲ್ಲಿ ಗುಡ್ಲು ಇರಲಿಲ್ಲ. ಮುಟ್ಟಾದ ದಿನವೂ ಮಂಚದ ಮೇಲೆ ಮಲಗಿ, ಎಲ್ಲರ ಸಂಗಡ ಸಾಲಿನಲ್ಲಿ ಕೂತು ಉಣ್ಣುತ್ತಿದ್ದಳು. ಏಪ್ರಿಲ್‌ನಲ್ಲಿ ಅದಕ್ಕೆ ಬೀಗ ಬಿದ್ದಾಗಿನಿಂದ ಮತ್ತೆ ತಗಡಿನ ಕೆಳಗೆ.

"ಅದನ್ನ ಮರೀ ಇನ್ನು," ಎಂದಳು ವೀರಮ್ಮ. "ಹದಿನೆಂಟು ತುಂಬ್ತು ನಿಂಗೆ. ಮೊಳಕಾಲ್ಮೂರು ಕಡೆ ನಮ್ಮಣ್ಣನ ಮೊಮ್ಮಗ ಅವ್ನೆ. ನಲವತ್ತೇ ಜನ ಮದುವೆಗೆ ಬರ್ಬೇಕು ಅಂತ ಸರ್ಕಾರನೇ ಹೇಳೈತೆ. ಇಂಥ ಕಾಲ ಮತ್ತೆ ಬರ್ತೈತಾ? ಊರಿಗೆಲ್ಲ ಊಟ ಹಾಕೋ ಹಂಗಿಲ್ಲ, ಹಾಕ್ಲಿಲ್ಲ ಅಂತ ಬೈಯೋ ಹಂಗೂ ಇಲ್ಲ."

ಸ್ವಪ್ನ ತಾತನ ಮುಖ ನೋಡಿದಳು.

ಜುಂಜಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಪಾಸಾದ್ರೆ ಡಿಗ್ರಿಗೆ ಸೇರಿಸ್ತೀನಿ ಅಂತ ಮಗೀಗೆ ಮಾತು ಕೊಟ್ಟೀನಿ. ಸ್ವಾಮಿ ಮುಟ್ಟೋ ಕೈ ಇದು. ಈ ಬಾಯಾಗೆ ಎರಡು ಮಾತು ಬರಂಗಿಲ್ಲ."

ವೀರಮ್ಮ ಮುದ್ದೆಯ ಪಾತ್ರೆಯನ್ನು ಸದ್ದು ಮಾಡಿ ಕೆಳಗಿಟ್ಟಳು. ಅದಕ್ಕಿಂತ ಹೆಚ್ಚೇನೂ ಮಾಡುವಂತಿರಲಿಲ್ಲ. ಪೂಜಾರಿಯ ಮಾತು ಹಟ್ಟಿಯಲ್ಲಿ ಸ್ವಾಮಿಯ ಮಾತು.

ಒಂದು ವಾರ ಗೋವರ್ಧನ ಪಡಸಾಲೆಯಲ್ಲಿ ಕೆಮ್ಮುತ್ತ ಮಲಗಿದ. ವೀರಮ್ಮ ಮಗನಿಗೆ ಮೆಣಸಿನ ಕಷಾಯ ಕಾಸಿದಳು, ಎದೆಗೆ ಎಣ್ಣೆ ತಿಕ್ಕಿದಳು, ಅವನು ಬಿಟ್ಟ ತಟ್ಟೆಯಲ್ಲೇ ತಾನೂ ಉಂಡಳು. ಎಂಟನೆಯ ದಿನ ಗೋವರ್ಧನ ಎದ್ದು ಓಡಾಡಿದ. ಒಂಬತ್ತನೆಯ ದಿನ ವೀರಮ್ಮ ಒಲೆಯ ಮುಂದೆ ಕೂತವಳು ಏಳಲಿಲ್ಲ. ಅದೇ ದಿನ ರೂಪಳಿಗೆ ಚಳಿಜ್ವರ, ಸಂಜೆಗೆ ಜುಂಜಪ್ಪನಿಗೂ. ಮರುದಿನ ಬೆಳಿಗ್ಗೆ ವೀರಮ್ಮನ ಉಸಿರು ಕುರಿಮರಿಯ ಉಸಿರಿನ ಹಾಗೆ ಹೊಡೆದುಕೊಳ್ಳುತ್ತಿತ್ತು. ಬಾಲರಾಜ್ ಮತ್ತು ಗೋವರ್ಧನ ಅವಳನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಚಳ್ಳಕೆರೆಗೆ ಹೊರಟರು. ಅಲ್ಲಿ ಮಂಚ ಸಿಗದೆ ಚಿತ್ರದುರ್ಗಕ್ಕೆ ಹೋದರು.

ಸ್ವಪ್ನ ಆಗ ಗುಡ್ಲಿನಲ್ಲಿದ್ದಳು. ಆ ಬೆಳಿಗ್ಗೆಯೇ ಹೊರಗಾಗಿ ಬಂದಿದ್ದಳು. ಆಟೋ ಎದುರಿಗೇ ಹಾದುಹೋಯಿತು. ಅಜ್ಜಿಯ ಕಾಲಷ್ಟೇ ಕಂಡಿತು.

ಮಧ್ಯಾಹ್ನವಾದರೂ ಊಟ ಬರಲಿಲ್ಲ. ಚಪ್ಪಡಿ ಕಲ್ಲು ಬಿಸಿಲಿಗೆ ಕಾದು ಬರಿದಾಗಿ ಬಿದ್ದಿತ್ತು. ಅಷ್ಟರಲ್ಲಿ ಮನೆಯಿಂದ ತಾತನ ದನಿ ಕೇಳಿಸಿತು.

"ನೀರು... ವೀರಾ, ನೀರು."

ಸ್ವಪ್ನ ಬೇಲಿ ಬಾಗಿಲ ತನಕ ಬಂದು ನಿಂತಳು. ಎದುರು ಮನೆಯ ಮಾಳಿಗೆ ಮೇಲೆ ಕ್ಯಾತಣ್ಣನ ಹೆಂಡತಿ ಹುಣಸೆಹಣ್ಣು ಒಣಗಿಸುತ್ತಿದ್ದಳು.

"ದೊಡ್ಡವ್ವಾ, ತಾತ ನೀರು ನೀರು ಅಂತೈತೆ. ಒಂದು ಚೊಂಬು ಕೊಡ್ರೇ."

"ಅಯ್ಯೋ, ಕೊರೊನಾ ಮನೆಗೆ ಹ್ಯಂಗೆ ಬರ್ಲವ್ವ? ನಿಮ್ಮವ್ವ ಇಲ್ವೇನು?"

"ಅವ್ವನೂ ಬಿದ್ದೌಳೆ."

"ನಾವು ಬರಂಗಿಲ್ಲ ತಾಯಿ. ಮೆಂಬರ ಮನೆಯೋರೇ ನಿಯಮ ಮುರಿದ್ರೆ ಜನ ಏನಂತಾರೆ?"

ಸ್ವಪ್ನ ಇನ್ನೂ ಎರಡು ಬಾಗಿಲ ಕಡೆ ತಿರುಗಿ ಕೂಗಿದಳು. ಬಾಗಿಲು ತೆರೆಯಲಿಲ್ಲ. ಆಮೇಲೆ ಅವಳು ಕೂಗಲಿಲ್ಲ. ಬೇಲಿ ದಾಟಿ ಒಳಗೆ ಬಂದು, ಹಟ್ಟಿಯ ನೀರಿನ ಟ್ಯಾಂಕಿನ ನಲ್ಲಿಯ ಕೆಳಗೆ ಕೂತು ತಲೆಯ ಮೇಲೆ ಎರಡು ಕೊಡ ನೀರು ಸುರಿದುಕೊಂಡಳು; ತನಗೆ ತಿಳಿದಷ್ಟು ಮಡಿ ಅದು. ತಾಮ್ರದ ಬಿಂದಿಗೆ ತುಂಬಿಸಿ, ಚೊಂಬು ಹಿಡಿದು ಒದ್ದೆ ಬಟ್ಟೆಯಲ್ಲೇ ಪಡಸಾಲೆಗೆ ಹೋದಳು.

ಜುಂಜಪ್ಪ ಕಣ್ಣು ಬಿಟ್ಟ. "ಯಾರು?"

"ನಾನು, ಸ್ವಪ್ನ."

"ನೀನು ಹೊರಗಿದ್ದೆಯಲ್ಲ."

"ಹೂಂ ತಾತ. ಇವತ್ತು ಮೊದಲ್ನೇ ದಿನ."

ಅವನು ಚೊಂಬನ್ನು ನೋಡಿದ. ಅವಳ ಕೈಯನ್ನು ನೋಡಿದ. ಗುಡಿಯ ಕಡೆಯ ಕಿಟಕಿಯನ್ನೂ ನೋಡಿದ. ಆಮೇಲೆ ಮೊಣಕೈ ಊರಿ ತಾನೇ ತಲೆಯೆತ್ತಿದ.

"ಎತ್ತಿ ಹಿಡಿ."

ಅಷ್ಟೂ ಕುಡಿದ. ಗಡ್ಡದಿಂದ ನೀರು ಎದೆಗಿಳಿಯಿತು. ಉಸಿರು ತಿರುಗಿಸಿಕೊಂಡು ಅಂದ: "ಇನ್ನೊಂದು ಚೊಂಬು ತಾ ಮಗ."

ಎರಡು ದಿನ ಹಾಗೆಯೇ ನಡೆಯಿತು. ಸ್ವಪ್ನ ಅಕ್ಕಿನುಚ್ಚಿನ ಗಂಜಿ ಕಾಸಿ ತಾಯಿಗೂ ತಾತನಿಗೂ ಕುಡಿಸಿದಳು, ಒದ್ದೆ ಬಟ್ಟೆ ಹಣೆಗಿಟ್ಟಳು, ಕುರಿಗೆ ಸೊಪ್ಪು ಹಾಕಿದಳು. ಕೆಲಸ ಮುಗಿದ ಮೇಲೆ ಗುಡ್ಲಿಗೆ ಹೋಗಿ ಮಲಗಿದಳು. ಮೂರನೆಯ ಬೆಳಿಗ್ಗೆ ಸೌಂದರ್ಯ ಬಂದು ಮುದುಕನ ಬೆರಳಿಗೆ ಆಕ್ಸಿಜನ್ ನೋಡುವ ಮಿಷನ್ ಸಿಕ್ಕಿಸಿದಳು.

"ತೊಂಬತ್ತೈದು! ಬದುಕ್ಕೊಂಡ್ರಿ ಪೂಜಾರಪ್ಪ. ನೀರು ಗಂಜಿ ಬಿಟ್ಟಿದ್ರೆ ಕಷ್ಟ ಆಗೋದು. ಯಾರು ನೋಡ್ಕೊಂಡ್ರು ನಿಮ್ಮನ್ನ?"

ಹೊಸ್ತಿಲ ಆಚೆ ಸ್ವಪ್ನ ನಿಂತಿದ್ದಳು.

"ಸ್ವಾಮಿ ನೋಡ್ಕೊಂಡ," ಎಂದ ಜುಂಜಪ್ಪ.

ಆ ಮಧ್ಯಾಹ್ನ ಬಾಲರಾಜ್ ಮತ್ತು ಗೋವರ್ಧನ ಬಂದರು. ವೀರಮ್ಮ ಬರಲಿಲ್ಲ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಾಲುಂಗುರ, ಮೂಗುಬಟ್ಟು ಇದ್ದವು.

"ಮುಖ ನೋಡಿದ್ರಾ?" ರೂಪ ಕೇಳಿದಳು.

"ಮುಚ್ಚಿ ಕಟ್ಟಿದ್ರು," ಎಂದ ಬಾಲರಾಜ್. "ಹತ್ತು ಹೆಜ್ಜೆ ದೂರ ನಿಲ್ಲಿಸಿ, ಅದೇ ನಿಮ್ಮವ್ವ ಅಂದ್ರು. ಹೂಂ ಅಂದ್ವಿ."

ಹನ್ನೊಂದನೆಯ ದಿನ ಮನೆಯವರಷ್ಟೇ ಕೂತು ಉಂಡರು. ಅತ್ತೆಗೆ ಇಷ್ಟವೆಂದು ರೂಪ ಸಜ್ಜೆರೊಟ್ಟಿ, ಹೆಸರುಕಾಳಿನ ಪಲ್ಯ ಮಾಡಿದ್ದಳು. ಗೋವರ್ಧನ ಒಂದು ತುತ್ತು ಬಾಯಿಗಿಟ್ಟು, "ಅವ್ವನ ಕೈ ರುಚಿ ಇಲ್ಲ," ಎಂದ.

ರೂಪ ಸೌಟು ಕೆಳಗಿಟ್ಟಳು. "ಕೈ ಎಲ್ಲಿಂದ ಬರ್ಬೇಕು? ಆ ಗುಡ್ಲಾಗೆ ಹದಿನಾಲ್ಕು ದಿನ ನೀನು ಕೂತಿದ್ರೆ ನಮ್ಮತ್ತೆ ಇವತ್ತು ಇದೇ ಒಲೆ ಮುಂದೆ ಇರೋರು."

"ಅತ್ತಿಗೆ!"

"ನನ್ನನ್ನ ಏನು ಹೆದರಿಸ್ತೀಯಾ? ನಾನು ಮೂರು ದಿನದ ಬಾಣಂತಿ ಆಗಿದ್ದಾಗ ಅಲ್ಲಿ ಮಳೆಯಾಗೆ ನೆಂದೀನಿ. ನಿಂಗೆ ತಗಡು ಹಾಕ್ಸಿದ್ರು, ಆದ್ರೂ ಆಗ್ಲಿಲ್ಲ."

ಬಾಲರಾಜ್ ತಟ್ಟೆಯನ್ನು ಗೋಡೆಗೆ ಎಸೆದ. ಯಾರ ಮೇಲಿನ ಸಿಟ್ಟೆಂದು ಅವನೂ ಹೇಳಲಿಲ್ಲ. ಗೋವರ್ಧನ ಕೈ ತೊಳೆಯದೆ ಎದ್ದು ಕ್ಯಾತಣ್ಣನ ಮನೆಯ ಕಡೆ ಹೋದ. ತಾಯಿಯ ಸಾವು ತನ್ನ ತಲೆಗೆ ಬಾರದ ಹಾಗೆ ಅದಕ್ಕೊಂದು ಬೇರೆ ಕಾರಣ ಅವನಿಗೆ ಬೇಕಾಗಿತ್ತು. ಕ್ಯಾತಣ್ಣನ ಹೆಂಡತಿ ಮಾಳಿಗೆ ಮೇಲಿಂದ ಕಂಡದ್ದನ್ನು ಹೇಳಿ ಆ ಕಾರಣವನ್ನು ಕೊಟ್ಟಳು.

ಮುಂದಿನ ಸೋಮವಾರ ಗುಡಿಯ ಮುಂದಿನ ಬನ್ನಿಮರದ ಕೆಳಗೆ ಹಟ್ಟಿ ಸೇರಿತು. ಕ್ಯಾತಣ್ಣ ಎಲ್ಲರನ್ನೂ ದೂರ ದೂರ ಕೂರಿಸಿದ. ಹೆಂಗಸರು ಇನ್ನೂ ದೂರ ನಿಂತರು.

"ಇಡೀ ಭೂಮಿಗೆ ಬಂದ ರೋಗ ಅಂತೀರಿ," ಕ್ಯಾತಣ್ಣ ಶುರುಮಾಡಿದ. "ಹೋದ ವರ್ಷ ನಮ್ಮ ಬೇಲಿ ದಾಟ್ತಾ? ಇಲ್ಲ. ಈ ವರ್ಷ ಪೂಜಾರಿ ಮನೆಗೇ ಯಾಕೆ ಬಂತು? ಕಟ್ಟಳೆ ಮುರಿದಿದ್ದಕ್ಕೆ. ಈ ಹುಡುಗಿ ಹೊರಗಾದೋಳು ಬೇಲಿ ದಾಟಿ ಬಂದು ಪೂಜಾರಿ ಬಿಂದಿಗೆ ಮುಟ್ಟೌಳೆ. ನಮ್ಮೋಳು ಕಣ್ಣಾರೆ ಕಂಡೌಳೆ."

"ಅಜ್ಜಿ ಆಸ್ಪತ್ರೆಗೆ ಹೋದ್ಮೇಲೆ ನಾನು ಬಂದಿದ್ದು," ಎಂದಳು ಸ್ವಪ್ನ. "ಮೊದ್ಲು ಕೂಗ್ದೆ. ಅದನ್ನೂ ಕಣ್ಣಾರೆ ಕಂಡೌರೆ."

"ನೋಡ್ರಪ್ಪ, ಓದಿದ ಬಾಯಿ!" ಗುಂಪಿನಲ್ಲಿ ಯಾರೋ ಅಂದರು.

"ನೀನು ಹೇಳು ಪೂಜಾರಪ್ಪ," ಕ್ಯಾತಣ್ಣ ಜುಂಜಪ್ಪನ ಕಡೆ ತಿರುಗಿದ. "ತಿಳಿದೂ ತಿಳಿದೂ ಆ ನೀರು ಕುಡಿದಿದ್ರೆ ನಿನ್ನ ಕೈಯಾಗೆ ಗುಡಿ ಬೀಗ ಇರಂಗಿಲ್ಲ. ತಿಳೀದೆ ಆಗಿದ್ರೆ ಗಂಜಲ ಐತೆ, ಉಪವಾಸ ಐತೆ. ನಿಂಗೆ ಗೊತ್ತಿತ್ತಾ?"

ಸ್ವಪ್ನ ತಾತನನ್ನೇ ನೋಡುತ್ತಿದ್ದಳು. ಜುಂಜಪ್ಪ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈಯನ್ನು ಒಮ್ಮೆ ಮುಟ್ಟಿಕೊಂಡ.

"ಜ್ವರ ಇತ್ತು," ಎಂದ. "ಮೈಮೇಲೆ ಜ್ಞಾನ ಇರಲಿಲ್ಲ. ಯಾರು ಕೊಟ್ರೋ, ಏನು ಕೊಟ್ರೋ, ನಂಗೆ ಗೊತ್ತಾಗ್ಲಿಲ್ಲ."

"ತಾತ," ಸ್ವಪ್ನ ಅಂದಳು. "ಇನ್ನೊಂದು ಚೊಂಬು ತಾ ಮಗ ಅಂದೆಯಲ್ಲ."

ಅವನು ಗುಡಿಯ ಕಡೆ ತಿರುಗಿ ಕೈ ಮುಗಿದ.

ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪೂಜಾರಿಗೆ ಮೂರು ದಿನ ಉಪವಾಸ. ಬಿಂದಿಗೆ ಚೊಂಬನ್ನು ಬೆಂಕಿಗೆ ಹಿಡಿದು ಹುಣಸೆಹಣ್ಣಿನಲ್ಲಿ ಬೆಳಗಬೇಕು. ಹುಡುಗಿ ಅವನ್ನು ಇನ್ನು ಮುಟ್ಟಕೂಡದು; ಒಂದು ತಿಂಗಳೊಳಗೆ ಮದುವೆ ಮಾಡಿ ಹಟ್ಟಿಯಿಂದ ಕಳಿಸಬೇಕು. ಸತ್ತವಳ ಆಸೆಯೂ ಅದೇ ಇತ್ತೆಂದು ಗೋವರ್ಧನ ಕಣ್ಣೊರೆಸಿಕೊಂಡ. ಬಾಲರಾಜ್ ನೆಲ ನೋಡುತ್ತ ಕೂತಿದ್ದ. ರೂಪ ಏನೋ ಹೇಳಲು ಮುಂದೆ ಬಂದಳು. ಹೆಂಗಸರೇ ಅವಳ ಸೆರಗು ಹಿಡಿದು ಹಿಂದಕ್ಕೆಳೆದರು.

ಅದೇ ವಾರ, ಈ ಸಲ ಪಿಯುಸಿ ಪರೀಕ್ಷೆಯೇ ಇಲ್ಲ, ಎಲ್ಲರೂ ಪಾಸ್ ಎಂಬ ಸುದ್ದಿ ಬಂತು. ಸೌಂದರ್ಯ ಮೊಬೈಲಿನಲ್ಲಿ ತೋರಿಸಿದಳು. ಸ್ವಪ್ನ ಅದನ್ನು ಓದಿ, ಜಗಲಿಯ ಮೇಲೆ ಕೂತಿದ್ದ ತಾತನ ಮುಂದೆ ಹೋಗಿ ನಿಂತಳು.

"ಪಾಸಾದೆ ತಾತ."

ಜುಂಜಪ್ಪ ಮಾತಾಡುವ ಮೊದಲೇ ಗೋವರ್ಧನ ನಕ್ಕ. "ಬರೀದೆ ಪಾಸಾಗಿದ್ದು ಪಾಸೇನೇ? ಹಂಗಾದ್ರೆ ನಮ್ಮ ಟಗರೂ ಪಾಸೇ."

"ಪರೀಕ್ಷೆ ಆಗಿದ್ರೆ ಬೇರೆ ಮಾತು," ಎಂದ ಜುಂಜಪ್ಪ, ಗೋಡೆಗೆ ಹೇಳುವವನ ಹಾಗೆ. "ಬರೆದು ಪಾಸಾದ್ರೆ ಅಂತ ನಾನಂದಿದ್ದು."

ಸ್ವಪ್ನ ಆಮೇಲೆ ಅವನ ಹತ್ತಿರ ಏನನ್ನೂ ಕೇಳಲಿಲ್ಲ. ರೂಪ ಗಂಡನ ಸಂಗಡ ನಾಲ್ಕು ದಿನ ಜಗಳವಾಡಿದಳು. "ನಿಮ್ಮಪ್ಪ ಬದುಕಿರೋದು ನಿನ್ನ ಮಗಳ ಕೈನೀರಿನಾಗೆ," ಎಂದಳು. "ನಂಗೂ ಗೊತ್ತು ಕಣೇ," ಎಂದ ಬಾಲರಾಜ್. "ಗೊತ್ತಿದ್ದು ಎಲ್ಲಿಗೆ ಹೋಗ್ಲಿ? ಕುರಿ ಮೇಯೋದು ಹಟ್ಟಿ ನೆಲದಾಗೆ." ಐದನೆಯ ದಿನ ರೂಪ ಮಗಳ ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟಳು. ಅಳುತ್ತಲೇ ಬಿಂದಿಗೆ ಬೆಳಗಿದಳು. ಅತ್ತೆ ಹೋದ ಮೇಲೆ ಪೂಜಾರಿಯ ನೀರು ತರುವ ಕೆಲಸ ಅವಳದಾಗಿತ್ತು.

ಜೂನ್ ಕೊನೆಗೆ ಮದುವೆ, ವೀರಮ್ಮ ಹೇಳಿದ್ದ ಗಂಡಿನ ಹಟ್ಟಿಯಲ್ಲಿ. ಬಳ್ಳಾರಿಯ ಹೋಟೆಲಿನಲ್ಲಿದ್ದ ವರ, ಹೋಟೆಲು ಮುಚ್ಚಿ ಮನೆಗೆ ಬಂದಿದ್ದ. ಹೊರಡುವ ಬೆಳಿಗ್ಗೆ ಬೇಲಿಯ ಹೊರಗೆ ಗುಡ್ಲಿನ ಪಕ್ಕ ಗೂಡ್ಸ್ ಗಾಡಿ ನಿಂತಿತು. ಮೊಳಕಾಲ್ಮೂರಿನ ಮಗ್ಗದಲ್ಲಿ ಮಾರಾಟವಾಗದೆ ಉಳಿದ ರೇಷ್ಮೆ ಸೀರೆಯೊಂದು ಅರ್ಧ ಬೆಲೆಗೆ ಸಿಕ್ಕಿತ್ತು; ಅದನ್ನೇ ಸ್ವಪ್ನ ಉಟ್ಟಿದ್ದಳು. ಮೂಗಿನ ಮೇಲೆ ನೀಲಿ ಮಾಸ್ಕು. ಮನೆಯವರೆಲ್ಲ ಗಾಡಿ ಹತ್ತಿದರು. ಹೊರಗೆ ಉಣ್ಣದ ಪೂಜಾರಿ ಮದುವೆಗೆ ಬರುವಂತಿರಲಿಲ್ಲ. ಅವನು ಜಗಲಿಯ ಮೇಲೆ ಕೂತಿದ್ದ.

"ರೂಪಾ, ಬಿಂದಿಗೆಯಾಗೆ ನೀರಿಲ್ಲವಲ್ಲ," ಎಂದು ಕೂಗಿದ. ಗಾಡಿಯ ಸದ್ದಿನಲ್ಲಿ ರೂಪಳಿಗೆ ಕೇಳಿಸಲಿಲ್ಲ.

ಹಿಂದೆ ಉಳಿದಿದ್ದ ಸ್ವಪ್ನಳಿಗೆ ಕೇಳಿಸಿತು. ಅವಳು ಒಳಗೆ ಹೋಗಿ, ಮುಟ್ಟಬಾರದ ಚೊಂಬನ್ನು ತಂದಳು. ನಲ್ಲಿಯಲ್ಲಿ ತುಂಬಿದಳು. ಜುಂಜಪ್ಪ ಕೈ ಮುಂದೆ ಮಾಡಿದ. ಅವಳು ಅವನ ಮುಂದೆಯೇ ಹಾದು, ಬೇಲಿ ದಾಟಿ, ಗುಡ್ಲಿನ ಚಪ್ಪಡಿ ಕಲ್ಲಿನ ಮೇಲೆ ಚೊಂಬನ್ನಿಟ್ಟು ಹಿಂದೆ ಸರಿದು ನಿಂತಳು.

"ನಿನ್ನ ನೀರು ಕಲ್ಲ ಮೇಲೈತೆ ತಾತ. ನಾನು ದೂರ ಹೋದ್ಮೇಲೆ ಬಂದು ತಗಾ."

ಗಾಡಿ ಹೋಯಿತು.

ಜುಂಜಪ್ಪ ಬಹಳ ಹೊತ್ತು ಏಳಲಿಲ್ಲ. ಸ್ವಾಮಿಯ ಹೆಸರು ಹೇಳಿಕೊಂಡು ಕೂತ. ಬಿಸಿಲೇರಿತು. ಕರೆಂಟು ಹೋಗಿ, ಟ್ಯಾಂಕು ಬರಿದಾಗಿ ನಲ್ಲಿ ನಿಂತಿತ್ತು. ಉಳಿದ ಮನೆಗಳ ನೀರು ಅವನು ಕುಡಿಯುವಂತಿರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಕೋಲು ಹಿಡಿದು ಎದ್ದ. ಬರಿಗಾಲಿನಲ್ಲಿ ಬೇಲಿ ದಾಟಿ, ನಲವತ್ತೆರಡು ವರ್ಷ ಕಾಲಿಡದ ಗುಡ್ಲಿನ ಅಂಗಳಕ್ಕೆ ಬಂದ.

ಮಾಳಿಗೆಗಳ ಕಡೆ ನೋಡಿದ. ಬೇಲಿ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಆಗ ಚೊಂಬೆತ್ತಿ ಕುಡಿದ, ಒಂದು ತೊಟ್ಟೂ ಬಿಡದೆ. ಖಾಲಿ ಚೊಂಬನ್ನು ಹೆಗಲ ವಸ್ತ್ರದೊಳಗೆ ಮುಚ್ಚಿಕೊಂಡು ಬೇಲಿಯೊಳಕ್ಕೆ ನಡೆದ.